ಇಂದಕ್ಕನ ಆರು ಗಂಟೆಯ ಹೊಸ ವರ್ಷ

ದ್ರಾಕ್ಷಿ ಹಣ್ಣಿನ ಸಿಪ್ಪೆ ಸುಲಿಯುವವರನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ಇಂದಕ್ಕನನ್ನು ನೋಡುವ ತನಕ ನೋಡಿರಲಿಲ್ಲ. ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ, ವುಡ್‌ಬ್ರಿಡ್ಜಿನ ತನ್ನ ಅಡುಗೆಮನೆಯ ನೆಲಕ್ಕೆ ಚಾಪೆ ಹಾಸಿ, ಎರಡೂ ಕಾಲು ನೀಡಿ ಕೂತು, ತೊಡೆಯ ಮೇಲೊಂದು ಟವೆಲ್ಲು ಹರವಿಕೊಂಡು, ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಹಸಿರು ದ್ರಾಕ್ಷಿಯ ಸಿಪ್ಪೆ ತೆಗೆಯುತ್ತಿದ್ದಳು. ಆಮೇಲೆ ಹೇರ್‌ಪಿನ್ನಿನ ಹಿಂಬದಿಯಿಂದ ಬೀಜ ಎತ್ತುತ್ತಿದ್ದಳು. ಹೊಸ ಪಿನ್ನು, ಕುದಿಯುವ ನೀರಲ್ಲಿ ತೊಳೆದದ್ದು, ಹೇಸಬೇಡಿ. "ಬೀಜ ಇಲ್ಲದ ದ್ರಾಕ್ಷಿ ಅಂಗಡ್ಯಾಗ ರಾಶಿ ಬಿದ್ದಾವಲ್ಲ ಅಕ್ಕ, ಯಾಕಿಷ್ಟು ಒದ್ದಾಡ್ತಿ?" ಅಂದರೆ, "ಅವು ನೀರಿನ ಗುಳ್ಳಿ, ದ್ರಾಕ್ಷಿ ಅಲ್ಲ. ವರ್ಷಕ್ಕೊಮ್ಮೆ ಒದ್ದಾಡಿದ್ರ ಏನೂ ಸಾಯೂದಿಲ್ಲ, ಕೂಡು, ಸುಲಿ," ಅನ್ನುತ್ತಿದ್ದಳು. ನಾನು ಕೂತು ಸುಲಿಯುತ್ತಿದ್ದೆ.

ಆಕೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೊಗಳಲಿಕ್ಕೆ ಸಲೀಸಾಗುತ್ತದೆ. ನಂಬಿಸಿ ಕುತ್ತಿಗೆ ಕೊಯ್ಯುವುದು ಅಂತಾರಲ್ಲ, ಅದನ್ನು ಆಕೆ ಎಷ್ಟು ಪ್ರೀತಿಯಿಂದ ಮಾಡಿದಳೆಂದರೆ, ಕೊಯ್ದದ್ದು ಗೊತ್ತಾಗಲಿಕ್ಕೇ ನನಗೆ ತಿಂಗಳುಗಟ್ಟಲೆ ಬೇಕಾಯಿತು. ಆದರೆ ನಾನು ಯಾಕೆ ಅಷ್ಟೊಂದು ನಂಬಿದೆ ಅನ್ನುವುದು ನಿಮಗೆ ತಿಳಿಯಬೇಕಾದರೆ ಆಕೆ ಎಂಥ ಹೆಂಗಸು ಅನ್ನುವುದು ತಿಳಿಯಬೇಕು.

ಇಂದುಮತಿ ಅವಳ ಹೆಸರು. ಬೆಳಗಾವಿಯವಳು. ಗಂಡ ವಸಂತ ಕಾಕಾ ಟೈಲ್ಸ್ ಕಾರ್ಖಾನೆಯ ಇಂಜಿನಿಯರು. ಹೆಂಡತಿ ಅಕ್ಕ ಆದರೆ ಗಂಡ ಕಾಕಾ ಹೇಗಾದ ಅಂತ ಕೇಳಬೇಡಿ, ನಮ್ಮ ಹುಬ್ಬಳ್ಳಿ ಕಡೆ ಸಂಬಂಧಗಳು ಮುಖ ನೋಡಿ ಹುಟ್ಟುತ್ತವೆ. ಆತನ ನೌಕರಿಯಿಂದಾಗಿ ಇಬ್ಬರೂ ಸ್ಪೇನಿನ ಸಮುದ್ರದ ಕಡೆಯ ಒಂದು ಊರಿನಲ್ಲಿ ಬಹಳ ವರ್ಷ ಇದ್ದರು. ಮಗಳು ಮೇಘಾ ಅಲ್ಲೇ ಓದಿ, ಅಲ್ಲಿಯವನನ್ನೇ ಮದುವೆಯಾಗಿ, ಅಲ್ಲೇ ಉಳಿದಳು. ಇವರು ಮಾತ್ರ ಟೈಲ್ಸಿನ ಹಿಂದೆಯೇ ಕೆನಡಾಕ್ಕೆ ಬಂದು, ವುಡ್‌ಬ್ರಿಡ್ಜಿನ ಗೋದಾಮುಗಳ ಹತ್ತಿರ ಮನೆ ಮಾಡಿದರು. ಕಾಕಾನಿಗೆ ಮಾತು ಕಡಿಮೆ. ಆ ಕೊರತೆಯನ್ನು ಇಂದಕ್ಕ ಬಡ್ಡಿ ಸಮೇತ ತುಂಬುತ್ತಿದ್ದಳು.

ನಮ್ಮ ಪರಿಚಯ ಆದದ್ದು ಟೊರಾಂಟೊದ ಜೆರಾರ್ಡ್ ಇಂಡಿಯಾ ಬಜಾರಿನ ಒಂದು ಕಿರಾಣಿ ಅಂಗಡಿಯಲ್ಲಿ. ಜೋಳದ ಹಿಟ್ಟಿನ ಕಡೆಯ ಚೀಲ ಒಂದೇ ಉಳಿದಿತ್ತು, ಇಬ್ಬರೂ ಒಟ್ಟಿಗೇ ಕೈಹಾಕಿದೆವು. "ಅಯ್ಯ ನಮ್ಮವ್ವ!" ಅಂತ ಇಬ್ಬರ ಬಾಯಿಂದಲೂ ಬಂತು. ಅಷ್ಟು ಸಾಕಾಯಿತು, ನಿಂತಲ್ಲೇ ನನ್ನ ಮನೆಯವರನ್ನೆಲ್ಲ ವಿಚಾರಿಸಿಕೊಂಡಳು. ಚೀಲವನ್ನು ನನ್ನ ಬುಟ್ಟಿಗೇ ಹಾಕಿ, "ನೀ ಒಯ್ಯಿ. ನಾಡಿದ್ದು ನಮ್ಮನಿಗೆ ಬಂದುಬಿಡು, ಹೊಸ ವರ್ಷ ಮಾಡೂಣು. ಗಂಡ, ಮಕ್ಕಳು, ಮಾವನವರು, ಎಲ್ಲಾರನ್ನೂ ಕರಕೊಂಡು ಬಾ. ಸಂಜಿ ಆರಕ್ಕ ಸರಿಯಾಗಿ," ಅಂದಳು. ಹೊಸ ವರ್ಷ ಸಂಜೆ ಆರಕ್ಕೆ! ಪಾಪ, ಚಳಿಗೆ ತಲೆ ಸ್ವಲ್ಪ ಹಿಂದುಮುಂದಾಗಿರಬೇಕು ಅಂದುಕೊಂಡೆ. ಸ್ಪೇನಿನಲ್ಲಿ ಮಧ್ಯರಾತ್ರಿ ಹನ್ನೆರಡಾದಾಗ ನಮ್ಮ ಟೊರಾಂಟೊದಲ್ಲಿ ಸಂಜೆ ಆರು ಅನ್ನುವುದು ಅವರ ಮನೆಗೆ ಹೋದ ಮೇಲೆ ತಿಳಿಯಿತು.

ಆ ಮೊದಲ ಸಂಜೆಯನ್ನು ನೆನೆದರೆ ಈ ಸಿಟ್ಟಿನಲ್ಲೂ ನಗು ಬರುತ್ತದೆ. ಪ್ರತಿಯೊಬ್ಬರ ಕೈಗೂ ಒಂದು ಸ್ಟೀಲಿನ ಬಟ್ಟಲು, ಅದರಲ್ಲಿ ಹನ್ನೆರಡು ಸುಲಿದ ದ್ರಾಕ್ಷಿ. ಟಿವಿಯಲ್ಲಿ ಮ್ಯಾಡ್ರಿಡ್ಡಿನ ಚೌಕ, ಜನಸಾಗರ, ನಡುವೆ ಗಡಿಯಾರದ ಗೋಪುರ. ಗಡಿಯಾರದ ಒಂದೊಂದು ಬಡಿತಕ್ಕೆ ಒಂದೊಂದು ದ್ರಾಕ್ಷಿ ಬಾಯಿಗೆ ಹಾಕಬೇಕು, ಹನ್ನೆರಡನೇ ಬಡಿತದ ಒಳಗೆ ಹನ್ನೆರಡೂ ಮುಗಿಯಬೇಕು. ಹಾಗಾದರೆ ವರ್ಷದ ಹನ್ನೆರಡು ತಿಂಗಳೂ ಸುಖ. "ಆದ್ರ ಕೇಳ್ರಿ," ಅಂತ ಇಂದಕ್ಕ ಸೌಟು ಎತ್ತಿ ಹೇಳಿದಳು, "ಮೊದಲ ಜೋಡಿ ಜೋಡಿ ಗಂಟಿ ಬಡೀತಾವ. ಅವು ಸುಳ್ಳು ಗಂಟಿ. ಹನ್ನೆರಡಕ್ಕ ತಯಾರಾಗ್ರಿ ಅಂತ ಹೇಳೂ ಗಂಟಿ. ಅವಕ್ಕ ಯಾರೂ ಬಾಯಿ ಹಾಕಬ್ಯಾಡ್ರಿ!"

ಯಾರು ಕೇಳುತ್ತಾರೆ? ನಮ್ಮವರಿಗೆ ಗಂಟೆ ಬಾರಿಸಿದರೆ ಮುಗಿಯಿತು, ಮಂಗಳಾರತಿಯೇ ಆದಂತೆ, ಪ್ರಸಾದಕ್ಕೆ ಕೈ ಹೋಗಿಯೇ ಹೋಗುತ್ತದೆ. ಸುಳ್ಳು ಗಂಟೆಗೇ ಅರ್ಧ ಜನ ಅರ್ಧ ಬಟ್ಟಲು ಖಾಲಿ ಮಾಡಿದರು. ನಿಜವಾದ ಬಡಿತ ಶುರುವಾದಾಗ ನನ್ನ ಗಂಡ ಶ್ರೀಧರ ಮಗಳ ಬಟ್ಟಲಿಗೆ ಕೈಹಾಕುತ್ತಿದ್ದ, ಅವಳು "ಡ್ಯಾಡ್, ದಟ್ಸ್ ಮೈ ಆಗಸ್ಟ್!" ಅಂತ ಕಿರುಚುತ್ತಿದ್ದಳು. ಆ ಚಳಿಗಾಲ ನಮ್ಮಲ್ಲಿಗೆ ಬಂದಿದ್ದ ನಮ್ಮ ಮಾವನವರದು ಇನ್ನೂ ಚೆಂದ. ಹಾಗೇ ಬಾಯಿಗೆ ಹಾಕಿಕೊಳ್ಳುವುದು ಹೇಗೆ ಅಂತ, ಬಲಗೈಯಲ್ಲಿ ನೀರು ಹಿಡಿದು, ಬಟ್ಟಲಿನ ಸುತ್ತ ಬಿಟ್ಟು, ಮಂತ್ರ ಹೇಳಿ, ಆಪೋಶನ ತೆಗೆದುಕೊಂಡು ಕಣ್ಣು ತೆರೆಯುವಷ್ಟರಲ್ಲಿ ಮ್ಯಾಡ್ರಿಡ್ಡಿನಲ್ಲಿ ಪಟಾಕಿ ಹಾರುತ್ತಿತ್ತು. "ಏನವ್ವಾ ಇದು, ನೈವೇದ್ಯಕ್ಕೂ ಪುರುಸೊತ್ತಿಲ್ಲದ ಹಬ್ಬ!" ಅಂದರು. ಇಂದಕ್ಕ ಬಿದ್ದು ಬಿದ್ದು ನಕ್ಕಳು. ಕಣ್ಣೊರೆಸಿಕೊಂಡು, "ನಿಮ್ಮ ಪಾಲಿಂದು ನಾ ಒಂದೊಂದೇ ಗಂಟಿ ಬಡೀತೀನಿ, ಸಾವಕಾಶ ಊಟಾ ಮಾಡ್ರಿ," ಅಂತ ತಾಟು ಸೌಟು ಹಿಡಿದು, ಅವರು ಒಂದೊಂದು ಅಗಿದು ಮುಗಿಸುವ ತನಕ ಕಾದು, ಹನ್ನೆರಡು ಸಲ ಬಡಿದಳು. ಮಾವನವರು ಊರಿಗೆ ಹೋದ ಮೇಲೂ ಪ್ರತಿ ಫೋನಿನಲ್ಲಿ "ಆ ಗಂಟಿ ಬಡಿಯೂ ಹೆಣ್ಣುಮಗಳು ಆರಾಮಿದ್ದಾಳೇನು?" ಅಂತ ಕೇಳುತ್ತಿದ್ದರು.

ಇನ್ನೊಂದು ಪದ್ಧತಿ ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳದಿದ್ದರೆ ಇಂದಕ್ಕ ಪೂರ್ತಿಯಾಗುವುದಿಲ್ಲ. ಸ್ಪೇನಿನವರು ಹೊಸ ವರ್ಷದ ಹೊತ್ತಿಗೆ ಕೆಂಪು ಒಳಬಟ್ಟೆ ತೊಟ್ಟಿರಬೇಕಂತೆ. ಅದನ್ನೂ ತಾವೇ ಕೊಂಡರೆ ನಡೆಯುವುದಿಲ್ಲ, ಇನ್ನೊಬ್ಬರು ಕೊಟ್ಟದ್ದೇ ಆಗಬೇಕು. ಇದನ್ನು ನಮ್ಮ ಹೆಂಗಸರಿಗೆ ಹೇಗೆ ಕೊಡುವುದು? ಇಂದಕ್ಕ ಅದಕ್ಕೂ ದಾರಿ ಹುಡುಕಿದ್ದಳು. ಬಂದ ಮುತ್ತೈದೆಯರಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಖಣ ಇಟ್ಟು ಉಡಿ ತುಂಬುತ್ತಿದ್ದಳು. ಖಣದ ಮಡಿಕೆಯೊಳಗೆ ಆ ಕೆಂಪು ವಸ್ತು! ನನಗೆ ಗೊತ್ತಿಲ್ಲದೆ, ಮನೆಗೆ ಬಂದು ಉಡಿಯನ್ನು ದೇವರ ಮುಂದೆ ಬಿಚ್ಚಿದೆ. ಮಾವನವರು ಪಕ್ಕದಲ್ಲೇ ಜಪಕ್ಕೆ ಕೂತಿದ್ದರು. ಮರುದಿನ ಫೋನ್ ಮಾಡಿ ಬೈದರೆ, "ದೇವರಿಗೂ ಗೊತ್ತಿರ್ತದ ತಗೋ, ಅಂವಾ ಏನು ಕುರುಡೇನು?" ಅಂದಳು. ಅಂಥವಳ ಮೇಲೆ ಯಾರಿಗೆ ಸಿಟ್ಟು ಬರುತ್ತದೆ ಹೇಳಿ.

"ಆತು ತಗೋ" ಅನ್ನುವುದು ಆಕೆಯ ಬಾಯಲ್ಲಿ ಸದಾ ಇದ್ದ ಮಾತು. ಯಾರು ಏನು ಕೇಳಿದರೂ, "ಅದೇನು ಮಹಾ, ಆತು ತಗೋ." ಇಲ್ಲ ಅನ್ನುವುದು ಆಕೆಗೆ ಬರುತ್ತಲೇ ಇರಲಿಲ್ಲ. ಒಮ್ಮೆ ಹೀಗೇ ಒಂದೇ ಭಾನುವಾರ ವಿಟ್ಬಿಯಲ್ಲಿ ಒಬ್ಬರ ಮನೆಯ ಕೂಸಿನ ಹೆಸರಿಡುವುದಕ್ಕೆ ಹೋಳಿಗೆ ಮಾಡಿಕೊಡುತ್ತೇನೆ ಅಂತ ಒಪ್ಪಿದ್ದಳು, ಅದೇ ಭಾನುವಾರ ಇನ್ನೊಬ್ಬರ ಮನೆಯ ಸತ್ಯನಾರಾಯಣ ಪೂಜೆಗೆ ಬಡಿಸಲಿಕ್ಕೆ ಬರುತ್ತೇನೆ ಅಂತಲೂ ಒಪ್ಪಿದ್ದಳು. ಕಡೆಗೆ ವಿಟ್ಬಿಯವರು ಹೋಳಿಗೆಗೆ ಕಾದು ಕಾದು ಅಂಗಡಿಯ ಗುಲಾಬ್ ಜಾಮೂನಿಗೆ ಶರಣಾದರು. ಆಕೆ ಸಂಜೆ ಹೋಗಿ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಜೋಗುಳ ಹಾಡಿ, ತಾಯಿಯ ಗಲ್ಲ ಸವರಿ ಬಂದಳು. ಅವರು ಸಿಟ್ಟಾಗುವುದು ಒತ್ತಟ್ಟಿಗಿರಲಿ, ಮುಂದಿನ ಹಬ್ಬಕ್ಕೂ ಕರೆದರು. ನಾನೂ ನಕ್ಕೆ. ಬೇರೆಯವರ ಮನೆಯ ಹೋಳಿಗೆ ತಪ್ಪಿದರೆ ನಮಗೆ ನಗಲಿಕ್ಕೆ ಏನು ಖರ್ಚು?

ಈಗ ನನ್ನ ಮಾತಿಗೆ ಬರುತ್ತೇನೆ. ದ್ರಾಕ್ಷಿ ನುಂಗುವಾಗ ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಬೇಕು, ಬೇಡಿಕೊಂಡದ್ದನ್ನು ಯಾರಿಗೂ ಹೇಳಬಾರದು. ಇದು ಇಂದಕ್ಕನ ಕಟ್ಟುನಿಟ್ಟು. "ಬಾಯಿ ಬಿಟ್ರ ಹೋತು, ಆಗೂದಿಲ್ಲ." ಆದರೆ ಎಲ್ಲರೂ ಹೋದ ಮೇಲೆ ನಾನು ಪಾತ್ರೆ ತೊಳೆಯಲಿಕ್ಕೆ ನಿಲ್ಲುತ್ತಿದ್ದೆನಲ್ಲ, ಆಗ ಪಕ್ಕ ಬಂದು ಭುಜಕ್ಕೆ ಭುಜ ತಾಗಿಸಿ, "ಏನು ಬೇಡ್ಕೊಂಡಿ, ಹೇಳು," ಅನ್ನುತ್ತಿದ್ದಳು. "ಹೇಳಬಾರದು ಅಂದ್ಯಲ್ಲ ಅಕ್ಕ?" ಅಂದರೆ, "ಮಂದಿಗೆ ಹೇಳಬಾರದು. ಅಕ್ಕಗ ಹೇಳಿದ್ರ ಬಾಯಿ ಬಿಟ್ಟಂಗ ಅಲ್ಲ." ಪ್ರತಿ ವರ್ಷ ನಾನು ಹೇಳಿದೆ. ಗಂಡನಿಗೆ ಹೇಳದ್ದನ್ನೂ ಹೇಳಿದೆ. ಆಕೆ ಏನು ಬೇಡಿಕೊಂಡಳು ಅಂತ ನಾನು ಒಮ್ಮೆಯೂ ಕೇಳಲಿಲ್ಲ. ಹಿರಿಯರನ್ನು ಹಾಗೆಲ್ಲ ಕೇಳಬಾರದು ಅನ್ನುವ ಸಂಸ್ಕಾರ ನೋಡಿ ನಮ್ಮದು, ಹಾಳಾಗಲಿ.

ಕಡೆಯ ವರ್ಷ ನಾನು ಬೇಡಿಕೊಂಡದ್ದು ಒಂದೇ. ರೊಟ್ಟಿ ಅಂಗಡಿ. ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಕೂತು, ಬೇಸ್‌ಮೆಂಟಿಗೆ ನೀರು ನುಗ್ಗಿದವರ ಬೈಗುಳ ಫೋನಿನಲ್ಲಿ ಕೇಳಿ ಕೇಳಿ ನನಗೆ ಸಾಕಾಗಿತ್ತು. ವುಡ್‌ಬ್ರಿಡ್ಜಿನ ಗೋದಾಮುಗಳಲ್ಲಿ ನಮ್ಮ ದೇಶದ ಹುಡುಗರು ಎಷ್ಟೊಂದು ಜನ ಮಧ್ಯಾಹ್ನ ತಣ್ಣನೆಯ ಸ್ಯಾಂಡ್‌ವಿಚ್ ತಿಂತಾರೆ. ಅವರಿಗೆ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮೊಸರು ಹಾಕುವ ಒಂದು ಸಣ್ಣ ಅಂಗಡಿ. ಪಲ್ಯ ನನ್ನದು, ಗಿರಾಕಿ ಸಂಭಾಳಿಸುವುದು ನನ್ನದು. ರೊಟ್ಟಿ ಮಾತ್ರ ಇಂದಕ್ಕನದೇ ಆಗಬೇಕು. ನನ್ನ ರೊಟ್ಟಿ ತವೆಗೆ ಹೋಗುವ ದಾರಿಯಲ್ಲೇ ಹರಿದು ಮೂರು ಪಾಲಾಗುತ್ತದೆ. ಆಕೆ ಬಡಿದರೆ ಅಂಚು ಎಲ್ಲೂ ಒಡೆಯದೆ ಅಂಗೈಯಲ್ಲಿ ತಿರುಗುತ್ತಾ ಬೆಳೆಯುತ್ತಿತ್ತು. ಆಕೆಯ ಕೈ ಇಲ್ಲದೆ ಆ ಅಂಗಡಿ ಇಲ್ಲ, ಇದು ಇಬ್ಬರಿಗೂ ಗೊತ್ತಿತ್ತು.

"ನೀ ರೊಟ್ಟಿಗೆ ನಿಂತ್ರ ನಾ ನೌಕರಿ ಬಿಡ್ತೀನಿ ಅಕ್ಕ," ಅಂದೆ, ಕೈಯೆಲ್ಲ ಸೋಪಿನ ನೊರೆ.

"ಆತು ತಗೋ," ಅಂದಳು. "ಮಂದಿ ಚಾಕರಿ ಎಷ್ಟು ದಿನಾ ಮಾಡ್ತಿ? ಬಿಟ್ಟು ಬಾ, ನಾ ಇದ್ದೀನಿ."

ನಾ ಇದ್ದೀನಿ. ಈ ಮಾತನ್ನು ಶ್ರೀಧರನಿಗೆ ಹೇಳಿ, ಅವನ ಜೊತೆ ಜಗಳವಾಡಿ, ಫೆಬ್ರುವರಿಯಲ್ಲಿ ರಾಜೀನಾಮೆ ಕೊಟ್ಟೆ. ಮಾರ್ಚಿನಲ್ಲಿ ಇಬ್ಬರೂ ಅಂಗಡಿ ಹುಡುಕುತ್ತಾ ತಿರುಗಿದೆವು. ಒಂದು ಜಾಗ ಹಿಡಿಸಿತು, ಮೊದಲು ಪಿಜ್ಜಾ ಮಾರುತ್ತಿದ್ದವರದು. ಇಂದಕ್ಕ ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿದಳು. ಚಿಮಣಿ ನೋಡಿದಳು. "ತವಾ ಇಲ್ಲೇ ಇಡೂಣು, ಹೊಗಿ ಸೀದಾ ಹೊರಗ ಹೋಗ್ತದ. ನನಗೊಂದು ಎತ್ತರದ ಸ್ಟೂಲ್ ಬೇಕು ನೋಡು, ನಿಂತು ಬಡದ್ರ ಮಣಕಾಲು ಹಿಡೀತಾವ," ಅಂದಳು. ನಾನು ಅವತ್ತೇ ಹೋಗಿ ಸ್ಟೂಲ್ ತಂದೆ. ಅದಾದ ಮೇಲೆ ಕರಾರಿಗೆ ಸಹಿ ಹಾಕೋಣ ಅಂದಾಗಲೆಲ್ಲ ಒಂದೊಂದು ನೆಪ. ಏಪ್ರಿಲ್ಲಿನಲ್ಲಿ ಮೊಣಕಾಲು, ಮೇ ತಿಂಗಳಲ್ಲಿ ಕಾಕಾನ ಕಣ್ಣು, ಜೂನಿನಲ್ಲಿ ಮೂಢ. ಮೂಢ ಇದ್ದಾಗ ಹೊಸ ಕೆಲಸ ಶುರು ಮಾಡಬಾರದು ಅಂತ ನಾನೂ ಒಪ್ಪಿದೆ.

ಜುಲೈಯಲ್ಲಿ ಒಂದು ದಿನ ಎಣಗಾಯಿಯ ರುಚಿ ತೋರಿಸಲಿಕ್ಕೆ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ಹುಲ್ಲಿನ ಮೇಲೆ ಬೋರ್ಡು ನೆಟ್ಟಿದ್ದರು, ಮನೆ ಮಾರಾಟಕ್ಕಿದೆ. ಪಕ್ಕದ ಮನೆಯದು ಇರಬೇಕು, ತಪ್ಪಿ ಇಲ್ಲಿ ನೆಟ್ಟಿದ್ದಾರೆ ಅಂದುಕೊಂಡು ಹಿತ್ತಲಿಗೆ ಹೋಗಿ, "ಅಕ್ಕ, ಯಾರೋ ನಿಮ್ಮ ಅಂಗಳದಾಗ ಬೋರ್ಡ್ ನೆಟ್ಟಾರ ನೋಡು," ಅಂದೆ. ಅಷ್ಟು ನಂಬಿಕೆ ನನ್ನದು!

ಇಂದಕ್ಕ ಟೊಮೆಟೊ ಗಿಡಗಳಿಗೆ ನೀರು ಬಿಡುತ್ತಿದ್ದಳು. ಪೈಪು ಬಂದ್ ಮಾಡಲಿಲ್ಲ. "ಹೊಸ ವರ್ಷಕ್ಕ ಬೇಡ್ಕೊಂಡಿದ್ದೆ ರೇಣು, ಮೇಘಾನ ಹತ್ರ ಹೋಗೂ ಹಂಗ ಆಗಲಿ ಅಂತ. ಆಗ್ತದ ಅಂತ ನನಗೇನು ಗೊತ್ತು? ದೇವರು ಕೊಟ್ಟುಬಿಟ್ಟ. ಮೊದಲ ಹೇಳಿದ್ರ ಆಗೂದಿಲ್ಲಲ್ಲ, ಅದಕ್ಕ ಹೇಳಲಿಲ್ಲ. ಅಕ್ಟೋಬರಿಗೆ ಹೊಂಟ್ವಿ."

"ಅಂಗಡಿ?"

"ನೀ ಶಾಣ್ಯಾಕಿ ಇದ್ದಿ, ಯಾರನ್ನರೆ ಹುಡುಕ್ತಿ ತಗೋ."

ನಾನು ಡಬ್ಬಿ ಅಲ್ಲೇ ಇಟ್ಟು ಬಂದೆ. ವಾರಗಟ್ಟಲೆ ಅತ್ತೆ. ರೊಟ್ಟಿ ಬಡಿಯುವವರು ಬೇಕು ಅಂತ ಕಂಡಕಂಡವರನ್ನು ಕೇಳಿದೆ, ಆ ಪಿಜ್ಜಾ ಜಾಗ ಬೇರೆಯವರ ಪಾಲಾಯಿತು. ಬಿಟ್ಟ ಆಫೀಸಿಗೆ ಮತ್ತೆ ಹೋಗಲಿಕ್ಕೆ ಮುಖವಿಲ್ಲದೆ ಇನ್ನೊಂದು ಕಡೆ, ಅದೇ ಬೈಗುಳ ಕೇಳುವ ಕೆಲಸಕ್ಕೆ, ಕಾಂಟ್ರ್ಯಾಕ್ಟ್ ಮೇಲೆ ಸೇರಿದೆ. ಆದರೂ ದಿನ ಕಳೆದಂತೆ ಮನಸ್ಸು ಸ್ವಲ್ಪ ಕರಗಿತು. ಮಗಳ ಹತ್ತಿರ ಹೋಗಬೇಕು ಅಂತ ತಾಯಿ ಬೇಡಿಕೊಂಡರೆ ಅದು ತಪ್ಪೇ? ದೇವರು ಆಕೆಯದನ್ನು ಕೇಳಿದ, ನನ್ನದನ್ನು ಕೇಳಲಿಲ್ಲ, ಇಷ್ಟೇ ಅಲ್ಲವೇ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗಾಗಿ ಅಕ್ಟೋಬರಿನಲ್ಲಿ, "ಕಾರ್ ಮಾರಿಬಿಟ್ಟೇವಿ, ಏರ್‌ಪೋರ್ಟಿಗೆ ಬಿಡ್ತಿಯೇನು ರೇಣು? ನಿನ್ನ ಬಿಟ್ರ ನಮಗ ಯಾರದಾರ?" ಅಂತ ಫೋನ್ ಬಂದಾಗ ಹೋದೆ. ಶ್ರೀಧರ ಮಾತ್ರ, "ನಿನಗ ನಾಚಿಕಿ ಅನ್ನೂದು ಇಲ್ಲೇನು?" ಅಂದ.

ಇಂದಕ್ಕ ಮುಂದೆ ನನ್ನ ಪಕ್ಕ ಕೂತಳು, ಕಾಕಾ ಹಿಂದೆ ಬ್ಯಾಗುಗಳ ನಡುವೆ. ಗಾಡಿ ಹೈವೇ ಹತ್ತಿತು. ವರ್ಷಕ್ಕೆ ನಾಲ್ಕು ಮಾತಾಡುವ ಕಾಕಾನಿಗೆ ಅವತ್ತು ಏನನ್ನಿಸಿತೋ, ಸುಮ್ಮನೆ ಕೂತದ್ದು ಸರಿಯಲ್ಲ ಅನ್ನಿಸಿರಬೇಕು.

"ಮನಿ ಚಲೋ ಅದ ರೇಣುಕಾ. ಮೇಘಾನ ಮನಿ ಎದುರಿಗೇ," ಅಂದರು. "ಹೋದ ದೀಪಾವಳಿಗೇ ಖರೀದಿ ಮಾಡಿದ್ವಿ ನೋಡು. ಅದರಾಗ ಬಾಡಿಗಿಗೆ ಇದ್ದವರು ಬಿಡೂ ತನಕಾ ಕಾಯಬೇಕಾತು, ಅದಕ್ಕ ಇಷ್ಟು ತಡಾ."

ನನಗೆ ಮೊದಲು ತಲೆಗೇ ಹೋಗಲಿಲ್ಲ. "ಹೋದ ದೀಪಾವಳಿಗೆ?" ಅಂತ ಕೇಳಿದೆ.

"ಹೌದು. ಇಂದೂ ಹೇಳಿದ್ದಳಲ್ಲ?"

ಇಂದಕ್ಕ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ದೀಪಾವಳಿ ಆದ ಮೇಲೆ ಹೊಸ ವರ್ಷ. ಹೊಸ ವರ್ಷ ಆದ ಮೇಲೆ ನನ್ನ ರಾಜೀನಾಮೆ. ಆಮೇಲೆ ಆ ಚಿಮಣಿ, ಆ ಸ್ಟೂಲು. ಅಂದರೆ ನನ್ನ ಪಕ್ಕ ನಿಂತು "ನಾ ಇದ್ದೀನಿ" ಅಂದಾಗಲೇ ಆಕೆ ಇರುವುದಿಲ್ಲ ಅನ್ನುವುದು ಆಕೆಗೆ ಗೊತ್ತಿತ್ತು.

"ಮನಿ ಕೊಂಡಾದ ಮ್ಯಾಲೆ ಬೇಡಿಕೊಳ್ಳೂದು ಏನು ಉಳಿದಿತ್ತು ಅಕ್ಕ?" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. "ಹೇಳಿದ್ರ ಆಗೂದಿಲ್ಲ ಅಂತ ಹೇಳಲಿಲ್ಲ ಅಂದಿ. ಅದು ಆಗೇ ಹೋಗಿತ್ತಲ್ಲ?"

ಆಕೆ ನನ್ನ ಕಡೆ ತಿರುಗಿದಳು. "ನಾ ಹೋಗ್ತೀನಿ ಅಂದಿದ್ರ ನೀ ಬರೂದು ಕಡಿಮಿ ಮಾಡ್ತಿದ್ದಿ ರೇಣು. ಬ್ಯಾರೆ ಯಾರನ್ನರೆ ಹುಡುಕೊಂಡು ಅವರ ಕೂಡ ಅಂಗಡಿ ಅಂತ ಓಡಾಡ್ತಿದ್ದಿ. ನಿಮ್ಮ ಕಾಕಾ ಅಂತೂ ಮಾತಾಡೂದಿಲ್ಲ. ಆ ಒಂದು ವರ್ಷ ನಾ ಯಾರ ಮಾರಿ ನೋಡಿಕೋತ ಕೂಡಬೇಕಾಗಿತ್ತು? ಅಂಗಡಿ ನೋಡಲಿಕ್ಕೆ ಹೋದಾಗೆಲ್ಲ ನೀ ಎಷ್ಟು ಖುಷಿ ಇರ್ತಿದ್ದಿ. ನನಗೂ ಖುಷಿ ಆಗ್ತಿತ್ತು."

ನಿಜವನ್ನೇ ಹೇಳಿದಳು, ಅದೇ ಮೊದಲ ಸಲ. ಆಕೆಗೆ ಹೊತ್ತು ಕಳೆಯಲಿಕ್ಕೆ ಒಂದು ಜೊತೆ ಬೇಕಿತ್ತು. ಅದಕ್ಕೆ ನನ್ನ ನೌಕರಿ, ನನ್ನ ಅಂಗಡಿ, ಗಂಡನ ಮುಂದೆ ನನ್ನ ಮಾನ ಮೂರೂ ಹೋದವು. ಕಾಕಾ ಹಿಂದಿನಿಂದ, "ಇಂದೂ, ನೀ ಈಕಿಗೆ ಹೇಳಿರಲಿಲ್ಲೇನು?" ಅಂತ ಎರಡು ಸಲ ಕೇಳಿದರು.

ಟರ್ಮಿನಲ್ಲಿನ ಮುಂದೆ ಗಾಡಿ ನಿಲ್ಲಿಸಿ ಬ್ಯಾಗುಗಳನ್ನು ಇಳಿಸಿಕೊಟ್ಟೆ. ಕಾಕಾ ನನ್ನ ಕಡೆ ನೋಡಲಾರದೆ ಟ್ರಾಲಿ ತರಲಿಕ್ಕೆ ಹೋದರು. ಇಂದಕ್ಕ ನನ್ನನ್ನು ಅಪ್ಪಿಕೊಂಡಳು. ಅದೇ ಮೈಯ ವಾಸನೆ, ಬೆಣ್ಣೆ ಕಾಸಿದ ಹಾಗೆ. ನನ್ನ ಗಲ್ಲ ಸವರಿ, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ, "ಬ್ಯಾಸಗಿಗೆ ಬರ್ತೀನಿ ನೋಡು. ನಿನ್ನ ಮನ್ಯಾಗೇ ಇಳ್ಕೋತೀನಿ, ಮತ್ತ ಯಾರ ಮನಿಗೆ ಹೋಗಲಿ?" ಅಂದಳು.

ನಮ್ಮ ಕಡೆ ಈ ಮಾತಿಗೆ ಒಂದೇ ಉತ್ತರ ಇರುವುದು. ವೈರಿ ಕೇಳಿದರೂ ಅದೇ ಉತ್ತರ. ನಮ್ಮವ್ವ ನನಗೆ ಬೇರೆ ಉತ್ತರ ಕಲಿಸಿಯೇ ಇಲ್ಲ.

"ಬ್ಯಾಡ ಅಕ್ಕ," ಅಂದೆ.

"ಏನು?"

"ನನ್ನ ಮನಿಗೆ ಬರಬ್ಯಾಡ."

ಇಂದಕ್ಕ ನನ್ನ ಗಲ್ಲದ ಮೇಲಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಹಿಂದೆ ಗಾಡಿಗಳು ಹಾರ್ನ್ ಹಾಕುತ್ತಿದ್ದವು. ನಾನು ಡಿಕ್ಕಿ ಮುಚ್ಚಿ, ಒಳಗೆ ಕೂತು, ಬೆಲ್ಟು ಹಾಕಿಕೊಂಡೆ. ಒಂದು ಮಾತು ಅಷ್ಟೇ. ಹೇಳುವಾಗ ಜೀವ ಹೋದ ಹಾಗಾಯಿತು, ಆದರೂ ಹೇಳಿದೆ. ಆಕೆಯೂ ಹೋದ ದೀಪಾವಳಿಗೆ ಇಂಥದೇ ಒಂದು ಮಾತು ನನಗೆ ಹೇಳಬಹುದಿತ್ತು, ನಾ ಇರೂದಿಲ್ಲ ಅಂತ.